ಹತ್ತು ಗಂಟೆಯೊಳಗೆ ಮುಖ ನೋಡುವ ಹೋಟೆಲು

ಕೊರೋನಾ ಕಾಲ ಮುಗಿದು ಸಣ್ಣ ಊರುಗಳ ಹೋಟೆಲುಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ನಾನಾಗ ಒಂದು ಬಜೆಟ್ ಹೋಟೆಲ್ ಸರಪಳಿಯಲ್ಲಿ ಹಿರಿಯ ಕ್ವಾಲಿಟಿ ಆಡಿಟರ್ ಆಗಿದ್ದೆ. ಹಿಂದೂಪುರ, ಕಲ್ಯಾಣದುರ್ಗ ಸೇರಿ ಆಂಧ್ರ ಗಡಿಯ ಆಚೀಚಿನ ಹನ್ನೆರಡು ಊರುಗಳು ಆ ವರ್ಷ ನನ್ನ ಪಾಲಿಗಿದ್ದವು. ಒಂದೊಂದು ಹೋಟೆಲಿಗೂ ವರ್ಷಕ್ಕೆರಡು ಆಡಿಟ್, ಗುರುತು ಹತ್ತದಿರಲೆಂದು ಪ್ರತಿ ಸಲ ಬೇರೆ ಆಡಿಟರ್. ಸಾಮಾನ್ಯ ಗಿರಾಕಿಯಂತೆ ಹೋಗಿ, ಎರಡು ದಿನ ತಂಗಿ, ಅಂಕ ಹಾಕಿ ಬರುವುದು ನನ್ನ ಕೆಲಸ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು.

ಈ ಸರಪಳಿಗಳ ಒಳಗುಟ್ಟು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕಂಪನಿಗೆ ಸ್ವಂತದ್ದು ಅಂತ ಒಂದು ಇಟ್ಟಿಗೆಯೂ ಇರುವುದಿಲ್ಲ. ಊರಿನ ಯಾರೋ ಒಬ್ಬರು ತಮ್ಮ ಹಳೆಯ ಲಾಡ್ಜಿಗೆ ಕಂಪನಿಯ ಬೋರ್ಡು ಹಾಕಿಕೊಳ್ಳುತ್ತಾರೆ, ಕಂಪನಿ ಹೇಳಿದ ಬಿಳಿ ಹೊದಿಕೆ, ಸೋಪು, ಟವೆಲ್ ಇಡುತ್ತಾರೆ. ಇದೇ ಫ್ರಾಂಚೈಸಿ. ಬೋರ್ಡು ನೋಡಿದ ಗಿರಾಕಿ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ ಅಂದುಕೊಳ್ಳುತ್ತಾನೆ. ಇರುವುದಿಲ್ಲ. ಒಂದು ಊರಿನಲ್ಲಿ ಟವೆಲನ್ನು ಹಂಸದಂತೆ ಮಡಿಸಿಟ್ಟಿರುತ್ತಾರೆ, ಬಕೆಟ್ಟಿಗೆ ಮಗ್ಗು ಇರುವುದಿಲ್ಲ. ಇನ್ನೊಂದು ಊರಿನಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತದೆ. ಟಿವಿ ಗೋಡೆಯಷ್ಟು ಅಗಲ, ರಿಮೋಟಿಗೆ ಸೆಲ್ ಇಲ್ಲ. ಈ ಏರುಪೇರನ್ನು ಅಳೆಯುವುದಕ್ಕೇ ನನ್ನಂಥವರನ್ನು ಸಾಕಿದ್ದರು. ನನ್ನ ಮೊಬೈಲಿನ ಆಪ್‌ನಲ್ಲಿ ನೂರ ಹನ್ನೆರಡು ಪ್ರಶ್ನೆಗಳಿದ್ದವು.

ಅವುಗಳಲ್ಲಿ ಮೂರು ಪ್ರಶ್ನೆಗಳಿಗೆ ಕ್ರಿಟಿಕಲ್ ಅಂತ ಹೆಸರು. ಮಿಕ್ಕದ್ದರಲ್ಲಿ ಎಷ್ಟೇ ಅಂಕ ಬಂದಿರಲಿ, ಈ ಮೂರರಲ್ಲಿ ಒಂದು ತಪ್ಪಿದರೂ ಹೋಟೆಲು ಫೇಲು. ಅಂಥ ತಪ್ಪನ್ನು ಆಪ್‌ನಲ್ಲಿ ಒತ್ತಿದ ಕ್ಷಣವೇ ಅದು ಹೆಡ್ ಆಫೀಸಿಗೆ ಹೋಗುತ್ತಿತ್ತು, ಹಿಂದೆ ತೆಗೆದುಕೊಳ್ಳಲು ಬರುತ್ತಿರಲಿಲ್ಲ. ಮೂರನೆಯ ಪ್ರಶ್ನೆ ಬಾಗಿಲಿಗೆ ತೂಗುಹಾಕುವ ‘ತೊಂದರೆ ಕೊಡಬೇಡಿ’ ಫಲಕದ್ದು. ಫಲಕ ಇದ್ದರೆ ಸಿಬ್ಬಂದಿ ಬಾಗಿಲು ತಟ್ಟಬಾರದು, ಒಳಗೆ ಕಾಲಿಡಲೇಬಾರದು. ಹೆಣ್ಣುಮಕ್ಕಳು ಒಳಗಿದ್ದಾಗ ಮಾಸ್ಟರ್ ಕೀ ಹಾಕಿ ಬಾಗಿಲು ತೆರೆದ ದೂರುಗಳು ಬಂದಿದ್ದರಿಂದ ಈ ನಿಯಮವನ್ನು ಬಿಗಿ ಮಾಡಿದ್ದರು. ಅದರ ಕರಡು ಬರೆದವನು ನಾನೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಇನ್ನೊಂದು ಮಾತು ಹೇಳಿಬಿಡಬೇಕು. ನನ್ನ ಹೆಂಡತಿ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಕೂರಲಾಗದೆ ನಾನೇ ಕೇಳಿ ಹೆಚ್ಚು ಟೂರು ಹಾಕಿಸಿಕೊಂಡಿದ್ದೆ. ತಿಂಗಳಿಗೆ ಇಪ್ಪತ್ತು ದಿನ ಲಾಡ್ಜಿನ ವಾಸ. ನಾನು ಯಾರೆಂದು ಹೇಳುವಂತಿಲ್ಲವಾದ್ದರಿಂದ ಎಲ್ಲ ಕಡೆ ಬಿತ್ತನೆ ಬೀಜದ ಕಂಪನಿಯವನು ಅನ್ನುತ್ತಿದ್ದೆ. ಯಾರಾದರೂ ಬೀಜದ ಬಗ್ಗೆ ಕೇಳಿಯಾರೆಂಬ ಹೆದರಿಕೆಗೆ ಯಾರೊಂದಿಗೂ ಎರಡು ಮಾತು ಮೀರಿ ಆಡುತ್ತಿರಲಿಲ್ಲ. ಒಂದೊಂದು ವಾರ ನನ್ನ ದನಿಯನ್ನು ನಾನೇ ಕೇಳಿರುತ್ತಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಮೊದಲು ಹಿಂದೂಪುರಕ್ಕೆ ಹೋದೆ. ಅಲ್ಲಿನದು ಹೊಸ ಕಟ್ಟಡ, ಲಿಫ್ಟು, ಹೊಳೆಯುವ ನೆಲ. ಕೌಂಟರಿನ ಹುಡುಗಿ ನಗುತ್ತ ಹೆಸರು ಹಿಡಿದು ಮಾತಾಡಿಸಿದಳು. ಬಿಸಿನೀರು ಎರಡೇ ನಿಮಿಷದಲ್ಲಿ ಬಂತು. ಹೊದಿಕೆ ಎತ್ತಿ ಮೂಸಿ ನೋಡಿದೆ, ತಪ್ಪು ಹುಡುಕಲು ಏನೂ ಸಿಗಲಿಲ್ಲ. ಸಂಜೆಗೆ ಮೈಕೈ ನೋವು ಶುರುವಾಯಿತು. ಮಾರನೆಯ ಬೆಳಗ್ಗೆ ಪದ್ಧತಿಯಂತೆ ಫಲಕ ತೂಗುಹಾಕಿ ಮಲಗಿದವನಿಗೆ ಏಳಲಾಗಲಿಲ್ಲ. ಜ್ವರ ಏರಿತ್ತು. ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಕೈಚಾಚುವುದೂ ಕಷ್ಟವಾಯಿತು. ಹೊರಗೆ ಕಸ ಗುಡಿಸುವ ಸದ್ದು ನನ್ನ ಬಾಗಿಲಿನವರೆಗೆ ಬಂದು, ಅಲ್ಲಿ ನಿಂತು, ಮುಂದಿನ ಕೋಣೆಗೆ ಹೋಯಿತು. ಆ ದಿನವಿಡೀ ಯಾರೂ ಬಾಗಿಲು ತಟ್ಟಲಿಲ್ಲ. ಮೂರನೆಯ ದಿನ ಹೇಗೋ ಎದ್ದು ಆಪ್ ತೆರೆದು, ಫಲಕದ ಪ್ರಶ್ನೆಗೆ ಪೂರ್ಣ ಅಂಕ ಕೊಟ್ಟೆ. ಒಟ್ಟು ತೊಂಬತ್ತೆರಡು ಬಂತು.

ಆಡಿಟರಿಗೆ ಹುಷಾರಿಲ್ಲದಿದ್ದರೆ ಆಡಿಟ್ ನಿಲ್ಲಿಸಿ ತಿಳಿಸಬೇಕು ಎಂದು ನಮ್ಮ ಕೈಪಿಡಿಯಲ್ಲೇ ಇದೆ. ತಿಳಿಸಲಿಲ್ಲ. ತಿಳಿಸಿದರೆ ಮನೆಗೆ ಹೋಗು ಅನ್ನುತ್ತಿದ್ದರು, ಆ ಮನೆಗೆ ಹೋಗಿ ಮಲಗುವುದು ನನಗೆ ಬೇಕಿರಲಿಲ್ಲ. ಜ್ವರದ ಮಾತ್ರೆ ನುಂಗಿ, ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ.

ಕಲ್ಯಾಣದುರ್ಗದ ಹೋಟೆಲು ಬಸ್ ಸ್ಟ್ಯಾಂಡಿನ ಹತ್ತಿರ, ಕೆಳಗೆ ಅಂಗಡಿಗಳು, ಮೇಲೆ ಹದಿನಾಲ್ಕು ಕೋಣೆ. ಮಾಲೀಕ ರಂಗನಾಥನೇ ಮ್ಯಾನೇಜರು. ಅವರಪ್ಪನ ಕಾಲದವರೆಗೆ ಮನೆಯಲ್ಲಿ ಮಗ್ಗವಿತ್ತಂತೆ. ಮಗ್ಗ ಬಿಟ್ಟು ಲಾಡ್ಜ್ ಕಟ್ಟಿ, ಆಮೇಲೆ ನಮ್ಮ ಬೋರ್ಡು ಹಾಕಿಕೊಂಡಿದ್ದರು. ಕೊರೋನಾ ಮುಗಿದು ಆಡಿಟ್ ಮತ್ತೆ ಶುರುವಾದ ಮೇಲೆ ಆಗಲೇ ಒಂದು ಸಲ ಫೇಲಾಗಿದ್ದರು. ಸತತ ಎರಡು ಸಲ ಫೇಲಾದರೆ ಬೋರ್ಡು ಇಳಿಸುತ್ತಿದ್ದರು, ಬೋರ್ಡು ಇಳಿದರೆ ಆನ್‌ಲೈನಿನಲ್ಲಿ ಬುಕ್ ಮಾಡಿಕೊಂಡು ಬರುವ ಗಿರಾಕಿಗಳು ನಿಂತುಹೋಗುತ್ತಿದ್ದರು. ಕೋಣೆಯ ಸ್ಥಿತಿ ಹೇಳುವಂತಿರಲಿಲ್ಲ. ಸೊಳ್ಳೆ ಪರದೆ ಹರಿದಿತ್ತು, ಗೀಸರಿನ ಸ್ವಿಚ್ಚಿಗೆ ಟೇಪು ಸುತ್ತಿತ್ತು, ಬಚ್ಚಲಿನ ಮಗ್ಗಿನ ಹಿಡಿ ಮುರಿದಿತ್ತು. ಎಲ್ಲವನ್ನೂ ಒಂದೊಂದಾಗಿ ಒತ್ತಿದೆ. ಬೆಳಗ್ಗೆ ಫಲಕ ತೂಗುಹಾಕಿ, ಇನ್ನೊಂದು ಮಾತ್ರೆ ನುಂಗಿ ಮಲಗಿದೆ.

ಎಚ್ಚರವಾದಾಗ ಹಣೆಯ ಮೇಲೆ ಯಾರದೋ ಕೈಯಿತ್ತು. ಒರಟಾದ, ಫಿನಾಯಿಲ್ ವಾಸನೆಯ ಕೈ.

“ಏನಣ್ಣಾ, ಮೈ ಕಾದೋಗೈತಲ್ಲ! ಎಷ್ಟೊತ್ತಿಂದ ಬಾಗ್ಲು ತಟ್ತಾ ಇದ್ದೀನಿ, ಓ ಅನ್ನಲಿಲ್ವಲ್ಲ ನೀವು.”

ಕೋಣೆ ಗುಡಿಸುವ ಲಕ್ಷ್ಮೀದೇವಮ್ಮ. ಹತ್ತಿರದ ಬೆಳುಗುಪ್ಪದ ಕಡೆಯವಳು, ಐವತ್ತರ ಹತ್ತಿರದ ಹೆಂಗಸು. ಅವಳ ಹಿಂದೆ ಮಾಸ್ಟರ್ ಕೀ ಹಿಡಿದ ರಂಗನಾಥ. ನಾನು ದಡಬಡಿಸಿ ಎದ್ದು ಕೂತು ಅಬ್ಬರಿಸಿದೆ. ಬಾಗಿಲ ಫಲಕ ಕಾಣಲಿಲ್ಲವೇ, ಓದು ಬರುವುದಿಲ್ಲವೇ, ಯಾರು ನಿಮಗೆ ಒಳಗೆ ಬರಲು ಹೇಳಿದ್ದು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಕೈ ಹಿಂದೆಳೆದುಕೊಂಡು ಗೋಡೆಗೆ ಒರಗಿ ನಿಂತಳು. ಅವರಿಬ್ಬರೂ ಹೊರಗೆ ಹೋದದ್ದೇ ತಡ, ಮೊಬೈಲು ತೆಗೆದು ಕ್ರಿಟಿಕಲ್ ತಪ್ಪು ಅಂತ ಒತ್ತಿಬಿಟ್ಟೆ. ನಿಜ ಹೇಳುತ್ತೇನೆ, ಆಗ ನನಗಿದ್ದದ್ದು ಸಿಟ್ಟಿಗಿಂತ ನಾಚಿಕೆ. ನಾಲ್ಕು ವರ್ಷದಿಂದ ಯಾರೂ ನನ್ನ ಹಣೆ ಮುಟ್ಟಿರಲಿಲ್ಲ. ಕಣ್ಣು ಒದ್ದೆಯಾದದ್ದನ್ನು ಅವರು ನೋಡಿಬಿಟ್ಟರೇನೋ ಅಂತ ಕೂಗಾಡಿದ್ದೆ.

ಅರ್ಧ ಗಂಟೆಗೆ ರಂಗನಾಥ ಆರೆಂಪಿ ಡಾಕ್ಟರನ್ನು ಕರೆತಂದ. ಸಣ್ಣ ಊರಿನಲ್ಲಿ ಮನೆಮನೆಗೆ ಬಂದು ಸೂಜಿ ಹಾಕುವ ಇಂಥವರೇ ಜನಕ್ಕೆ ಮೊದಲ ಆಸರೆ. ಬೈಸಿಕೊಂಡ ಲಕ್ಷ್ಮೀದೇವಮ್ಮ ಬಿಸಿ ಹಾಲು, ಬ್ರೆಡ್ಡು ತಂದು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದಳು. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು.

ಹೊರಡುವ ಮುನ್ನ ಆಡಿಟರ್ ತಾನು ಯಾರೆಂದು ಹೇಳಿ, ಮ್ಯಾನೇಜರ ಜೊತೆ ಕೂತು ತಪ್ಪುಗಳನ್ನು ವಿವರಿಸಬೇಕು. ಮಾರನೆಯ ದಿನ ಕೌಂಟರಿನ ಪಕ್ಕದ ಸಣ್ಣ ಕೋಣೆಯಲ್ಲಿ ಕಂಪನಿಯ ಕಾರ್ಡು ತೆಗೆದಿಟ್ಟೆ. ರಂಗನಾಥನ ಮುಖ ಇಳಿದುಹೋಯಿತು.

“ಎಂತ ಪನಿ ಚೇಸ್ತಿರಿ ಸಾರ್,” ಎಂಥ ಕೆಲಸ ಮಾಡಿಬಿಟ್ಟಿರಿ ಎಂದು ಮೊದಲು ತೆಲುಗಿನಲ್ಲೇ ಅಂದ. ಆಮೇಲೆ ಚೆಕ್-ಇನ್ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟ. ಕೆಲವು ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಸೊನ್ನೆ, ಆ ಸೊನ್ನೆಯ ಒಳಗೆ ಒಂದು ಚುಕ್ಕೆ. ನನ್ನ ಹೆಸರಿನ ಪಕ್ಕದಲ್ಲೂ ಇತ್ತು.

“ಒಂಟಿಯಾಗಿ ಬಂದೋರಿಗೆ ಸೊನ್ನೆ ಹಾಕ್ತೀವಿ ಸಾರ್. ಬೆಳಿಗ್ಗೆ ಹತ್ತರೊಳಗೆ ನಮ್ಮೋರು ಯಾರಾದ್ರೂ ಅವರ ಮುಖ ನೋಡ್ಬೇಕು. ನೋಡಿದ್ಮೇಲೆ ಚುಕ್ಕೆ ಇಡ್ತೀವಿ. ಮೂರು ವರ್ಸದಿಂದ ಒಂದಿನಾನೂ ತಪ್ಪಿಲ್ಲ.”

ಮೂರು ವರ್ಷದ ಹಿಂದೆ ಪಂಪ್‌ಸೆಟ್ ಮಾರುವ ಒಬ್ಬ ಒಂಟಿಯಾಗಿ ಬಂದು ತಂಗಿದ್ದನಂತೆ. ಸಕ್ಕರೆ ಕಾಯಿಲೆಯವನು. ಫಲಕ ಹಾಕಿ ಮಲಗಿದವನು ಏಳಲಿಲ್ಲ. ಇವರು ನಿಯಮದಂತೆ ಒಂದೂವರೆ ದಿನ ತಟ್ಟಲಿಲ್ಲ. ತೆರೆದಾಗ ತಡವಾಗಿತ್ತು. ಅವನ ಹೆಂಡತಿ ಬಂದು ಇದೇ ಕೌಂಟರಿನ ಮುಂದೆ ನಿಂತು, ಒಬ್ಬರೂ ಬಾಗಿಲು ತಟ್ಟಲಿಲ್ಲವೇ ಎಂದು ಒಂದೇ ಮಾತು ಕೇಳಿದಳಂತೆ. ಅವತ್ತು ಆ ಕೋಣೆಯ ಮುಂದೆ ಗುಡಿಸಿ ಹೋಗಿದ್ದವಳು ಲಕ್ಷ್ಮೀದೇವಮ್ಮ.

ಅವಳು ಬಾಗಿಲ ಹತ್ತಿರವೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಸಾರ್, ನೆನ್ನೆ ನಾನು ತಟ್ಟದೆ ಹೋಗಿದ್ರೆ ನಮ್ಮ ಹೋಟ್ಲು ಪಾಸಾಗ್ತಿತ್ತಾ?” ಎಂದು ಕೇಳಿದಳು.

ಮಿಕ್ಕ ಅಂಕ ಪಾಸಿನ ಗೆರೆಗಿಂತ ಕೂದಲೆಳೆಯಷ್ಟು ಮೇಲಿತ್ತು. ಹೌದು ಅಂದೆ. ನಾನು ಸುಳ್ಳು ಹೇಳುವಂತಿರಲಿಲ್ಲ.

ನಾನು ಬೆಂಗಳೂರು ಸೇರುವಷ್ಟರಲ್ಲಿ ಹೆಡ್ ಆಫೀಸಿನ ಮೇಲ್ ಬಂದಿತ್ತು. ಕೋಣೆಯೊಳಗೆ ಹೋದ ಕೆಲಸದವಳನ್ನು ಕೂಡಲೇ ತೆಗೆಯಬೇಕು, ಬೋರ್ಡು ಇಳಿಸಲು ಒಂದು ತಿಂಗಳ ನೋಟಿಸು. ಅದನ್ನು ಓದಿ ಎರಡು ದಿನ ಸುಮ್ಮನೆ ಮನೆಯಲ್ಲಿ ಕೂತೆ. ಒತ್ತಿದ್ದನ್ನು ಹಿಂದಕ್ಕೆ ಪಡೆಯಲು ಬರುತ್ತಿರಲಿಲ್ಲ, ಆದರೆ ಇಡೀ ಆಡಿಟ್ಟನ್ನೇ ರದ್ದು ಮಾಡಿಸುವ ದಾರಿ ಒಂದಿತ್ತು. ನನಗೆ ಹುಷಾರಿರಲಿಲ್ಲ, ನಾನು ಅದನ್ನು ಮುಚ್ಚಿಟ್ಟೆ ಎಂದು ಒಪ್ಪಿಕೊಂಡರೆ ಎರಡೂ ಊರಿನ ಆಡಿಟ್ ರದ್ದಾಗುತ್ತಿತ್ತು. ಹಾಗೆಯೇ ಬರೆದೆ. ಫಲಕದ ನಿಯಮ ಒಂಟಿ ಗಿರಾಕಿಗೆ ಅಪಾಯಕಾರಿ ಎಂದೂ ಎರಡು ಪುಟ ಬರೆದೆ.

ನಮ್ಮ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದರು. “ಇಷ್ಟು ವರ್ಷದ ಸರ್ವೀಸಿನಲ್ಲಿ ನಿಮ್ಮದು ಒಂದೂ ರದ್ದಾಗಿಲ್ಲ. ಇನ್ನೊಂದ್ಸಲ ಯೋಚನೆ ಮಾಡಿ,” ಅಂದರು. ಯೋಚನೆ ಮಾಡಿಯೇ ಬರೆದಿದ್ದೇನೆ ಅಂದೆ. ನನ್ನ ಟೂರು ತೆಗೆದು, ಉಳಿದ ಸರ್ವೀಸನ್ನು ಕಚೇರಿಯ ಮೇಜಿನ ಮುಂದೆ ಕಳೆಯುವಂತೆ ಮಾಡಿದರು. ಹತ್ತು ಹೆಜ್ಜೆ ಆಚೆ ನನ್ನ ಕಿರಿಯರು ಮುಂದಿನ ಟೂರಿನ ಮಾತಾಡುತ್ತಿದ್ದರೆ ನಾನು ಫೈಲು ನೋಡುತ್ತ ಕೂರುತ್ತಿದ್ದೆ.

ಬೇರೆ ಆಡಿಟರ್ ಹೋಗಿ ಬಂದ. ಹಿಂದೂಪುರಕ್ಕೆ ತೊಂಬತ್ತೊಂದು, ಕಲ್ಯಾಣದುರ್ಗಕ್ಕೆ ಎಪ್ಪತ್ತನಾಲ್ಕು. ಮಗ್ಗು, ಪರದೆ, ಸ್ವಿಚ್ಚು ಎಲ್ಲ ಹೊಸದು ಹಾಕಿಸಿದ್ದರಂತೆ. ಪಾಸು. ಖುಷಿಯಿಂದ ರಂಗನಾಥನಿಗೆ ಫೋನ್ ಮಾಡಿದೆ. ಲಕ್ಷ್ಮೀದೇವಮ್ಮ ಕೆಲಸದಲ್ಲಿದ್ದಾಳೆ ಅಂದ. ಫಲಕದ ಪ್ರಶ್ನೆಗೆ ಎಷ್ಟು ಬಂತು ಎಂದು ಕೇಳಿದೆ.

“ಫುಲ್ ಮಾರ್ಕ್ಸು ಸಾರ್. ಇನ್ಮೇಲೆ ತಟ್ಟಲ್ಲ ಅಂತ ಬರೆಸ್ಕಂಡವ್ರೆ. ತಟ್ಟಿದ್ರೆ ಆಯಮ್ಮನ ಕೆಲ್ಸ ಹೋಯ್ತದೆ, ನಮ್ಮ ಬೋರ್ಡೂ ಹೋಯ್ತದೆ.”

ನನ್ನ ಎರಡು ಪುಟಕ್ಕೆ ಉತ್ತರ ಬರಲಿಲ್ಲ. ಅವಳ ಕೆಲಸ ಉಳಿಸಲು ಹೋಗಿ ಆ ಹೋಟೆಲಿನಲ್ಲಿದ್ದ ಒಂದೇ ಒಂದು ಒಳ್ಳೆಯ ಪದ್ಧತಿಯನ್ನು ನಾನೇ ನಿಲ್ಲಿಸಿದಂತಾಯಿತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರ ಹಾಕಿ ಹೊಗಳುವಾಗಲೂ ಅದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ಕಲ್ಯಾಣದುರ್ಗಕ್ಕೆ ಹೋದೆ. ಕೆಲಸವಿರಲಿಲ್ಲ, ನೆಂಟರೂ ಇಲ್ಲ. ನನ್ನ ದುಡ್ಡಿನಲ್ಲಿ, ನನ್ನ ಪಾಡಿಗೆ ಹೋದೆ. ರಂಗನಾಥ ಊರಲ್ಲಿರಲಿಲ್ಲ, ಕೌಂಟರಿನಲ್ಲಿದ್ದವರಿಗೆ ನನ್ನ ಗುರುತಿರಲಿಲ್ಲ. ಬೆಳಗ್ಗೆ ಬಾಗಿಲಿಗೆ ಫಲಕ ಹಾಕಿ, ಎಚ್ಚರವಾಗಿಯೇ ಮಲಗಿದೆ. ಯಾರಾದರೂ ತಟ್ಟಲಿ ಎಂದು ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ಒಂಬತ್ತಾಯಿತು. ಒಂಬತ್ತೂವರೆ. ಹತ್ತಾಯಿತು, ಯಾರೂ ತಟ್ಟಲಿಲ್ಲ. ಎದ್ದು ನಲ್ಲಿ ತಿರುಗಿಸಿ ಮುಖ ತೊಳೆದು, ಬಾಗಿಲು ತೆರೆದೆ.

ಹೊಸ್ತಿಲಿನಿಂದ ಒಂದು ಗೇಣು ದೂರದಲ್ಲಿ ಲಕ್ಷ್ಮೀದೇವಮ್ಮ ನಿಂತಿದ್ದಳು. ಕೈಯಲ್ಲಿ ಪೊರಕೆ, ಬಾಗಿಲ ಕಡೆಗೆ ವಾಲಿಸಿದ ತಲೆ. ಬೆಚ್ಚಿಬಿದ್ದು ಹಿಂದೆ ಸರಿದಳು. ಆಮೇಲೆ ಗುರುತು ಹತ್ತಿತು.

“ಅಯ್ಯೋ, ನೀವಾ ಸಾರ್! ತಟ್ಟಿಲ್ಲ ಸಾರ್ ನಾನು, ದೇವ್ರಾಣೆ. ಕೇಳಿಸ್ಕಂತಾ ನಿಂತಿದ್ದೆ ಅಷ್ಟೆ. ಒಂಟಿಯಾಗಿ ಬಂದೋರು ಕೆಮ್ಮೋದೋ, ನಲ್ಲಿ ಬಿಡೋದೋ ಕೇಳೋ ಗಂಟ ಇಲ್ಲೇ ನಿಂತಿರ್ತೀನಿ. ಕೇಳಿದ್ಮೇಲೆ ಹೋಯ್ತೀನಿ.”

ದಿನಾ ಹೀಗೇ ನಿಲ್ಲುತ್ತೀಯಾ ಎಂದು ಕೇಳಿದೆ. ಒಂದೊಂದು ದಿನ ಮೂರು ಬಾಗಿಲು ಇರುತ್ತವೆ, ಕಾಲು ನೋಯುತ್ತದೆ ಎಂದಳು. ಏನೂ ಕೇಳಿಸದಿದ್ದರೆ ಏನು ಮಾಡುತ್ತೀಯ ಎಂದೆ. ಅವಳು ತಲೆ ತಗ್ಗಿಸಿ, “ಕೆಲ್ಸ ಹೋದ್ರೆ ಹೋಗ್ಲಿ ಅಂತ ತಟ್ತೀನಿ ಸಾರ್,” ಅಂದಳು.

ಇಷ್ಟು ವರ್ಷ ಬೇರೆಯವರ ಕೆಲಸಕ್ಕೆ ಅಂಕ ಹಾಕಿದವನಿಗೆ ಆ ವೃತ್ತಿ ಕೊನೆಗೆ ಕಲಿಸಿದ್ದು ಇಷ್ಟು: ನಿಯಮ ಬರೆಯುವವನು ಅದರೊಳಗೆ ಒಂದು ದಿನ ಜ್ವರ ಹಿಡಿದು ಒಬ್ಬನೇ ಮಲಗಬೇಕು, ಆಮೇಲೆ ಸಹಿ ಹಾಕಬೇಕು. ನಾನು ಮೊದಲು ಸಹಿ ಹಾಕಿದೆ. ಈಗ ಯಾವ ಊರಿನಲ್ಲಿ ತಂಗಿದರೂ ಎದ್ದ ಕೂಡಲೇ ಕೆಳಗಿಳಿದು, ಕೌಂಟರಿನಲ್ಲಿ ಯಾರಿದ್ದರೂ ಸರಿ, ನಾನು ಎದ್ದಿದ್ದೇನೆ ಎಂದು ಹೇಳಿ ಬರುತ್ತೇನೆ. ಅವರು ವಿಚಿತ್ರವಾಗಿ ನೋಡುತ್ತಾರೆ. ನನಗಾಗಿ ಯಾರಾದರೂ ಬಾಗಿಲ ಹೊರಗೆ ಕಾಲು ನೋಯಿಸಿಕೊಂಡು ನಿಂತಿದ್ದರೆ, ಅವರು ಮುಂದಿನ ಕೆಲಸಕ್ಕೆ ಹೋಗಲಿ.