ರಾಣಿಯ ಹಿಂದಿನ ಕಂಬ

ಮೂವತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ಒಂದು ಜಗಳ ಹಳಸದೆ ಉಳಿದಿತ್ತು. ಒಂದು ಸಿನಿಮಾದಲ್ಲಿ ರಾಣಿಯ ಹಿಂದೆ ನಿಂತಿರುವುದು ಅತ್ತಿಗೆಯೋ, ಕಂಬವೋ?

ಅತ್ತಿಗೆ ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಅವಳು ಹೊಲಿದ ಕಾಲರನ್ನು ಊರೆಲ್ಲ ಕತ್ತಿಗೆ ಹಾಕಿಕೊಂಡು ತಿರುಗಿತು, ಹೊಗಳಿದವರು ಮಾತ್ರ ಒಬ್ಬರೂ ಇಲ್ಲ. ಒಮ್ಮೆ ಯಂತ್ರಗಳು ಕೆಟ್ಟು ಕಾರ್ಖಾನೆ ಮುಚ್ಚಿದ್ದಾಗ, ಒಂದೇ ಎತ್ತರದ ಮೂವತ್ತು ಹೆಂಗಸರು ಬೇಕೆಂದು ಸಿನಿಮಾದವರು ಗೇಟಿನ ಬಳಿ ಬಂದರು. ಹೀಗೆ ಅವಳು ಒಂದು ದಿನದ ಮಟ್ಟಿಗೆ ಅರಮನೆಯ ದಾಸಿಯಾದಳು. ಅದು ರಾಜ ಸಾಯುವ ದೃಶ್ಯ. "ನಾನು ಅತ್ತಿದ್ದು ನೋಡಿ ಡೈರೆಕ್ಟರೇ ಕಣ್ಣೊರೆಸ್ಕೊಂಡ್ರು" ಎಂದು ಅವಳು ಮನೆಗೆ ಬಂದವರಿಗೆಲ್ಲ, ಸಿಲಿಂಡರ್ ತಂದವನನ್ನೂ ಬಿಡದೆ, ಹೇಳುತ್ತಿದ್ದಳು.

ಆದರೆ ಮನೆಯ ಡಬ್ಬಾ ಟಿವಿಯಲ್ಲಿ ಅವಳು ಬೆರಳು ಮಾಡುತ್ತಿದ್ದ ಕಡೆ ಕಾಣುತ್ತಿದ್ದದ್ದು ಒಂದು ಬೂದು ಮಸುಕು, ಅದರ ಪಕ್ಕ ಪರದೆಯಂಥದ್ದೇನೋ. ಬಸ್ ಡಿಪೋದಿಂದ ನಿವೃತ್ತನಾದ ಮೈದುನ ಎಂದೋ ತೀರ್ಪು ಕೊಟ್ಟಿದ್ದ: "ಅದು ಕಂಬ ಅತ್ತಿಗೆ. ಒಳ್ಳೆ ಕಂಬ, ಅಲ್ಲಾಡದೆ ನಿಂತಿದೆ." ಅಂದಿನಿಂದ ಅವಳು ಕಂಬದತ್ತಿಗೆ.

ಆ ಸಿನಿಮಾದ ಹಳೆಯ ರೀಲನ್ನು ತೊಳೆದು ಹೊಳಪಿಸಿ ಹೊಸದಾಗಿ ಬಿಟ್ಟಿದ್ದಾರೆಂಬ ಸುದ್ದಿ ಬಂದ ವಾರವೇ ಸೊಸೆ ದೊಡ್ಡ ಎಚ್‌ಡಿ ಟಿವಿಯನ್ನೂ ಇಂಟರ್‌ನೆಟ್ ಪೆಟ್ಟಿಗೆಯನ್ನೂ ತಂದಳು. ಅತ್ತಿಗೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇವತ್ತು ಇತ್ಯರ್ಥ ಆಗ್ಲಿ! ಕಂಬವೇ ಆದ್ರೆ ಇನ್ಮೇಲೆ ಸಿನಿಮಾದ ಸುದ್ದಿನೇ ಎತ್ತಲ್ಲ" ಎಂದುಬಿಟ್ಟಳು. ಅಂದ ಮೇಲೆ ಯಾಕಾದರೂ ಅಂದೆನೋ ಎನ್ನಿಸಿತು. ಕಾಲರಿನ ಬಗ್ಗೆ ಯಾರಿಗೆ ಏನು ಹೇಳುವುದು? ಅವಳಿಗಿದ್ದದ್ದು ಆ ಒಂದೇ ಕಥೆ.

ಸಿನಿಮಾ ಹಾಕಿದರು. ರಾಜ ಸತ್ತ. ರಾಣಿಯ ಹಿಂದೆ ಅದೇ ಮಸುಕು, ಈಗ ಬಾಗಿಲಿನಷ್ಟು ದೊಡ್ಡದು.

"ಚಿಕ್ಕ ಕಂಬ ಹೋಗಿ ದೊಡ್ಡ ಕಂಬ ಬಂತು!" ಮೈದುನ ಸೋಫಾದ ಮೇಲೆ ಕೂತಲ್ಲೇ ಕುಣಿದ.

"ಸುಮ್ನಿರಿ ಚಿಕ್ಕಮಾವ, ವೈರ್ ಸಿಕ್ಸಿದ್ದು ಯಾರು?" ಎಂದಳು ಸೊಸೆ. ಇನ್ನೂ ಗಟ್ಟಿಮುಟ್ಟಾಗಿದೆಯೆಂದು ಆತ ಹಳೇ ಟಿವಿಯ ಕೆಂಪು-ಹಳದಿ ವೈರನ್ನೇ ಇದಕ್ಕೂ ಹಾಕಿದ್ದ; ಅದರಲ್ಲಿ ಎಚ್‌ಡಿ ಚಿತ್ರ ಬಾರದು. ಸಾಲದ್ದಕ್ಕೆ ಪೆಟ್ಟಿಗೆಯೂ ಡೇಟಾ ಉಳಿಸುವ ಜಿಪುಣತನಕ್ಕೆ ಬಿದ್ದು ಚಿತ್ರವನ್ನು ನೀರು ನೀರಾಗಿ ಕಳಿಸುತ್ತಿತ್ತು. ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ವೈರ್ ಬದಲಿಸಿ, ರಿಮೋಟ್ ಹಿಡಿದು, ಗಿರಾಕಿಯನ್ನು ಕೇಳುವಂತೆಯೇ ಕೇಳಿದಳು:

"ಅತ್ತೆ, ಈಗ ಚೆನ್ನಾಗಿದೆಯಾ, ಮೊದ್ಲು ಚೆನ್ನಾಗಿತ್ತಾ?"

"ಈಗ."

"ಇದು?"

"ಅಯ್ಯೋ, ರಾಜನ ಮೀಸೆ ಅಂಟಿಸಿರೋ ಗೋಂದು ಕಾಣ್ತಿದೆ ಕಣೇ!"

ಸೊಸೆ ಕೊನೆಯ ಬಾರಿ ಗುಂಡಿ ಒತ್ತಿದಳು. ಮಸುಕು ಹರಿಯಿತು. ಅದು ಕಂಬವೇ. ಬುಡದಿಂದ ತುದಿಯವರೆಗೆ ಹೂವಿನ ಕೆತ್ತನೆಯಿದ್ದ ಸಾಕ್ಷಾತ್ ಕಂಬ.

ಗೆದ್ದೆನೆಂದು ಕೂಗಲು ಬಾಯಿ ತೆರೆದ ಮೈದುನ ಅತ್ತಿಗೆಯ ಮುಖ ನೋಡಿ ನುಂಗಿಕೊಂಡ. ಅವಳತ್ತ ನೋಡಲಾರದೆ ಟಿವಿಯನ್ನೇ ದಿಟ್ಟಿಸಿದ. ಮರುಕ್ಷಣ ಎಗರಿ ನಿಂತ.

"ನಿಲ್ಸು, ನಿಲ್ಸು! ಕಂಬದ ಪಕ್ಕ ನೋಡು! ನಾವು ಪರದೆ ಅಂದ್ಕೊಂಡಿದ್ವಲ್ಲ, ಅದು ಪರದೆ ಅಲ್ಲ!"

ಇಪ್ಪತ್ತಾರರ ಹುಡುಗಿ. ಅದೇ ಗದ್ದ, ಅದೇ ಮೂಗು, ರೆಪ್ಪೆಗೂದಲು ಎಣಿಸುವಷ್ಟು ನಿಚ್ಚಳ. ಅಷ್ಟೇ ನಿಚ್ಚಳವಾಗಿ ಅವಳು ಬಾಯಿಗೆ ಅಂಗೈ ಒತ್ತಿಕೊಂಡು ನಗುತ್ತಿದ್ದಳು.

"ಅತ್ತಿಗೆ, ಅಲ್ಲಿ ರಾಜ ಸತ್ತಿದ್ದಾನೆ, ನೀವು ಕಿಸಿಕಿಸಿ ಅಂತಿದ್ದೀರಿ!"

"ಮತ್ತೇನ್ ಮಾಡ್ಲಿ?" ಅತ್ತಿಗೆ ಸಿಕ್ಕಿಬಿದ್ದಿದ್ದಳು. "ಅವತ್ತು ಊಟ ಬರೋದು ತಡ ಆಗಿತ್ತು. ಸತ್ತ ರಾಜನ ಹೊಟ್ಟೆ ಗುರ್ರ್ ಅಂತು!"

ಸೊಸೆ ನಗು ತಡೆಯಲಾರದೆ ನೆಲಕ್ಕೆ ಕುಸಿದಳು. ಅತ್ತಿಗೆ ಮೆಲ್ಲಗೆ ಟಿವಿಯ ಹತ್ತಿರ ಹೋಗಿ ನಿಂತಳು. ಆ ವಯಸ್ಸಿನ ಅವಳ ಫೋಟೋ ಒಂದೂ ಮನೆಯಲ್ಲಿರಲಿಲ್ಲ. ತಾನು ಇಷ್ಟು ಚೆಂದವಿದ್ದೆನೆಂದು ಅವಳಿಗೇ ಗೊತ್ತಿರಲಿಲ್ಲ.

ತಿರುಗಿ ನೋಡಿದರೆ ಮೈದುನ ಸೋಫಾದಲ್ಲಿಲ್ಲ. ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತ ಪ್ರತಿ ಮನೆಯ ಬಾಗಿಲು ಬಡಿಯುತ್ತಿದ್ದ. "ಬನ್ರೀ ಎಲ್ರೂ! ನಮ್ಮತ್ತಿಗೆ ಸಿನಿಮಾದಲ್ಲಿದ್ದಾರೆ! ರಾಣಿ ಪಕ್ಕದಲ್ಲೇ ಇದ್ದಾರೆ!"