ಬೇಸಿಗೆಯಲ್ಲಿ ಸಿಗದ ಕತೆ

ಹಳೆಯ ಫ್ರೀಜರ್ ಕೊಳ್ಳುವವರು ಮೊದಲು ಬಾಗಿಲಿನ ರಬ್ಬರ್ ಪಟ್ಟಿಯನ್ನು ಒತ್ತಿ ನೋಡಬೇಕು. ಮಾರುವವನ ಮಾತನ್ನು ಆಮೇಲೆ ಕೇಳಿದರಾಯಿತು. ಜರ್ಮನಿಯ ಆಖೆನ್‌ನಲ್ಲಿ ಮುಚ್ಚಿಹೋದ ಹೋಟೆಲುಗಳ ಫ್ರೀಜರ್ ಕೊಂಡು, ರಿಪೇರಿ ಮಾಡಿಸಿ ಮಾರುತ್ತಲೇ ಇಲ್ಲಿ ನೆಲೆ ಕಂಡವನು ನಾನು. ಯಾರಾದರೂ ‘ಆಗುವುದಿಲ್ಲ’ ಎಂದರೆ ದರ ಏರಿಸುತ್ತಿದ್ದಾರೆ ಎಂದೇ ನನ್ನ ಕಿವಿಗೆ ಕೇಳಿಸುತ್ತದೆ.

ಮೇಲಿನ ಮಹಡಿಯ ಅಜ್ಜಿಯೂ ಹಾಗೆಯೇ ಅಂದರು. ಅವರು ಅಲಾಸ್ಕಾದ ಒಳನಾಡಿನ ಮೂಲನಿವಾಸಿಗಳಾದ ಅಥಬಾಸ್ಕನ್ ಜನ, ಜರ್ಮನ್ ಗಂಡನನ್ನು ಮದುವೆಯಾಗಿ ಬಂದವರು. ಹಿಂದಿನ ಚಳಿಗಾಲ ನಮ್ಮ ಅಡುಗೆಮನೆಯಲ್ಲಿ ಕೂತು ಕಾಗೆಯ ಕತೆಯೊಂದನ್ನು ಹೇಳಿದ್ದರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರಿಸುವ ನನ್ನ ಮಗಳು ಫೋನ್ ಕವುಚಿಟ್ಟು ಕೇಳಿದ್ದಳು. ಅದೇ ಧೈರ್ಯದಲ್ಲಿ, ಜುಲೈಯ ಕನ್ನಡ ಸಂಘದ ಪಿಕ್‌ನಿಕ್‌ನಲ್ಲಿ ಅವರ ಕತೆ ಇದೆ ಎಂದು ಸಭೆಯಲ್ಲಿ ಮಾತು ಕೊಟ್ಟುಬಿಟ್ಟೆ. ಅವರನ್ನು ಕೇಳಿದ್ದು ಆಮೇಲೆ.

“ಆ ಕತೆಗಳನ್ನು ಬೇಸಿಗೆಯಲ್ಲಿ ಹೇಳುವಂತಿಲ್ಲ,” ಎಂದರು.

ಅನುಮಾನ ಬಂತು. ಒಂದು ಬಾಕ್ಸ್ ಮಾವಿನಹಣ್ಣು ಹಿಡಿದು ಮತ್ತೆ ಹೋದೆ. ಹಣ್ಣು ತೆಗೆದುಕೊಂಡು, ಹೊಗೆಯಲ್ಲಿ ಒಣಗಿಸಿದ ಮೀನು ಕೊಟ್ಟರು. ಅಲ್ಲಿಗೆ ಚುಕ್ತಾ. “ಆ ಕಾಗೆ ಕೊನೆಗೆ ಏನು ಮಾಡಿತು?” ಎಂದು ಮೆಲ್ಲಗೆ ಗಾಳ ಹಾಕಿದೆ.

“ಕಾಗೆಯೂ ಹೀಗೇ ನಯವಾಗಿ ಕೇಳುತ್ತಿತ್ತು,” ಎಂದು ನಕ್ಕರು. “ಕತೆ ಹೇಳಿದರೆ ಚಳಿಗಾಲ ಬೇಗ ಕರಗುತ್ತದೆ ಅನ್ನುತ್ತಿದ್ದರು ನಮ್ಮಜ್ಜಿ. ಈ ದೇಶದ ಇಷ್ಟೇ ಇಷ್ಟು ಬೇಸಿಗೆಯನ್ನೂ ಕರಗಿಸಬೇಕೇ?”

ಉತ್ತರ ಚೆನ್ನಾಗಿತ್ತು. ಚೆನ್ನಾಗಿ ಉತ್ತರಿಸುವವರ ಮೇಲೆ ನನಗೆ ಇನ್ನಷ್ಟು ಅನುಮಾನ.

ಹೆಂಡತಿ ರೇಗಿದಳು. ನಮ್ಮ ಉಡುಪಿ ಕಡೆ ಮೇ ತಿಂಗಳ ಪತ್ತನಾಜೆಯ ದಿನ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುತ್ತವೆ. ದೀಪಾವಳಿ ಹೊತ್ತಿನವರೆಗೆ ಭೂತಕೋಲವೂ ಇಲ್ಲ. “ಅಲ್ಲ ಮಾರಾಯ್ರೇ, ನಿಮ್ಗೆ ಇದು ಹೊಸತಾ?”

“ಮೇಳದವ್ರು ಈಗ ಮಳೆಗಾಲದಲ್ಲೂ ಹಾಲ್‌ನಲ್ಲಿ ಆಟ ಆಡ್ತಾರೆ. ಅದಕ್ಕೊಂದು ರೇಟ್ ಉಂಟು.”

“ಕೋಲಕ್ಕೆ?”

ನಾನು ಚಹಾ ಕುಡಿದೆ.

ಜೂನ್‌ನಲ್ಲಿ ಲೈಬ್ರರಿಯ ಗೋಡೆಯ ಮೇಲೆ ಅಜ್ಜಿಯ ಫೋಟೋ ಇದ್ದ ಪೋಸ್ಟರ್ ಕಂಡಿತು. ಸಿಕ್ಕಿಬಿದ್ದರು ಎಂದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನದಿ ದಂಡೆಯಲ್ಲಿ ಮೀನು ಸೀಳಿ ಒಣಹಾಕುವ ಬಗೆಯನ್ನೇ ಉದ್ದಕ್ಕೂ ವಿವರಿಸಿದರು. ಕತೆ ಹೇಳಿ ಎಂದವರಿಗೆ, “ಹಿಮ ಬಿದ್ದ ಮೇಲೆ ಬನ್ನಿ,” ಎಂದರು. ಎಲ್ಲರಿಗೂ ಒಂದೇ ದರ! ಅಂಥವರ ಹತ್ತಿರ ಚೌಕಾಸಿ ಮಾಡಿ ಸಮಯ ಹಾಳುಮಾಡಬೇಡಿ.

ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿ, ಡಿಸೆಂಬರ್‌ಗೆ ಹಾಲ್ ಹಿಡಿಯಲು ಹೇಳಿದೆ. ಅವರು ಮೈಸೂರಿನವರು. “ಏನ್ರೀ, ನಿಮ್ಮಜ್ಜಿ ಕೈ ಕೊಟ್ರಾ? ಡಿಸೆಂಬರ್‌ನಲ್ಲೂ ಹೇಳ್ಲಿಲ್ಲಾಂದ್ರೆ ಇನ್ಮೇಲೆ ಸಂಘದಲ್ಲಿ ನಿಮ್ಮ ಮಾತು ಯಾರೂ ನಂಬಲ್ಲ, ನೋಡ್ಕೊಳ್ಳಿ.”

ಹಾಲ್ ಬುಕ್ ಆದ ಮೇಲೆ ಹೊಳೆಯಿತು: ಆಖೆನ್‌ನ ಡಿಸೆಂಬರ್‌ನಲ್ಲಿ ಬೀಳುವುದು ಹೆಚ್ಚಾಗಿ ಮಳೆ. ಹಿಮ ಬಿದ್ದರೆ ಬಿತ್ತು. ಮಹಡಿ ಹತ್ತಿ ಓಡಿದೆ.

“ಇಬ್ಬನಿ ಹೆಪ್ಪುಗಟ್ಟಿದರೆ ಸಾಲದೇ?”

ಅಜ್ಜಿ ಕಿಟಕಿಯಿಂದ ಹಿತ್ತಲಿನತ್ತ ಬಗ್ಗಿ ನೋಡಿದರು. “ಹುಲ್ಲು ಬೆಳ್ಳಗಾಗಿರಬೇಕು. ತುಳಿದರೆ ಕರಕರ ಅನ್ನಬೇಕು.”

ಒಪ್ಪಿಕೊಂಡೆ. ಕಾರ್ಯಕ್ರಮದ ವಾರವಿಡೀ ಬೆಳಿಗ್ಗೆ ಎದ್ದವನೇ ಹಿತ್ತಲಿಗಿಳಿದು ಹುಲ್ಲು ತುಳಿದೆ. ಒದ್ದೆ. ಮರುದಿನವೂ ಒದ್ದೆ. ಕಾರ್ಯಕ್ರಮದ ದಿನ, ಶನಿವಾರ, ಕರಕರ ಅಂದಿತು. ಫೋಟೋ ತೆಗೆದು ಕಳಿಸಿದೆ.

ಮೇಲಿನ ಕಿಟಕಿ ತೆರೆಯಿತು. “ನಿಮ್ಮ ಫ್ರೀಜರಿನದ್ದಲ್ಲ ತಾನೆ?”

“ಅಯ್ಯೋ, ದೇವರಾಣೆಗೂ ಅಲ್ಲ!”

“ಇರಿ, ನಾನೇ ನೋಡುತ್ತೇನೆ.” ಬೂಟು ಹಾಕಿಕೊಂಡು ಇಳಿದು ಬಂದು, ಹಿತ್ತಲಿನ ಮೂಲೆಮೂಲೆಯನ್ನೂ ತುಳಿದು ನೋಡಿದರು, ಬೇಲಿಯಾಚೆಯ ಪಕ್ಕದ ಮನೆಯ ಹುಲ್ಲನ್ನೂ ಬಗ್ಗಿ ಮುಟ್ಟಿದರು. ಆಮೇಲೆ ಕೈ ಒರೆಸಿಕೊಂಡು ಕೇಳಿದರು:

“ಸಂಜೆ ಎಷ್ಟು ಗಂಟೆಗೆ ಹೊರಡಬೇಕು?”