ಅಮ್ಮನ ಬೀಸುಕಲ್ಲಿಗೆ ನಾನು ಹಾಕಿಸಿದ ಗೂಟ

ಲಕ್ವ ಹೊಡೆದ ಮೇಲೆ ಅಮ್ಮನ ಬಲಗೈ ಮುಂದಕ್ಕೆ ಚಾಚುತ್ತಿರಲಿಲ್ಲ. ಕೈಯನ್ನು ಸುಮ್ಮನೆ ಮಲಗಿಸಬೇಡಿ, ಏನಾದರೂ ಕೆಲಸ ಕೊಡಿ ಎಂದರು ಮಧುಗಿರಿಯ ಡಾಕ್ಟರು. ಅವರು ಕೊಟ್ಟ ರಬ್ಬರ್ ಚೆಂಡನ್ನು ಅಮ್ಮ ಮೂಲೆಗೆಸೆದು ಬೀಸುಕಲ್ಲು ಕೇಳಿದಳು. ಹುರಿಹಿಟ್ಟಿನ ರಾಗಿಯನ್ನು ಅವಳು ಇವತ್ತಿಗೂ ಮಿಲ್ಲಿಗೆ ಕಳಿಸುವವಳಲ್ಲ. ಆದರೆ ಅರ್ಧ ಸುತ್ತಿಗೇ ಕೈ ಸೋತು ಕಲ್ಲು ನಿಂತುಬಿಡುತ್ತಿತ್ತು. "ಇನ್ನ ಈ ಕೈ ನಂದಲ್ಲ ಬುಡು" ಎಂದಳು ಒಂದು ದಿನ.

ನಾನು ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಸಲೀಸು ಎಂದು ವರ್ಷಾ ವರ್ಷಾ ಒಪ್ಪಿಸುವವನು. ನಮ್ಮ ಕಲ್ಲಿನ ಗೂಟ ಅಂಚಿನಿಂದ ನಾಲ್ಕು ಬೆರಳು ಒಳಗಿತ್ತು. ಸವೆದ ಬೀಸುಕಲ್ಲನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡಲು ಬಂದವನಿಗೆ, ಅಂಚಿನಲ್ಲಿ ಹೊಸ ತೂತು ಹೊಡೆದು ಗೂಟ ಅಲ್ಲಿಗೆ ಹಾಕು ಎಂದೆ.

"ಬೀಸೋರ್ನ ಕೇಳಿದ್ರಾ ಸಾ?"

ಕೇಳುವುದೇನು, ಇದು ವಿಜ್ಞಾನ ಎಂದೆ.

ಕಲ್ಲೇನೋ ಹಗುರಾಯಿತು. ನಾನು ಬೀಗುತ್ತಿರುವಾಗಲೇ ಗೂಟ ಆಚೆ ಬದಿಗೆ ಹೋಯಿತು, ಅಮ್ಮನ ತೋಳು ಅಷ್ಟು ದೂರ ಚಾಚಲಾರದೆ ಕೈ ಜಾರಿತು. ಬಲ ಕಮ್ಮಿ ಮಾಡಲು ಹೋಗಿ ಸುತ್ತು ದೊಡ್ಡದು ಮಾಡಿದ್ದೆ.

"ಕಲ್ಲಿನ್ ಲೆಕ್ಕ ಸರ್ಯಾಗ್ ಹಾಕಿದೀಯ. ನನ್ ತೋಳಿನ್ ಲೆಕ್ಕ ಯಾರ್ ಹಾಕ್ತಾರೆ?" ಎಂದು ಅಮ್ಮ ನಕ್ಕಳು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ಮುಖ ಯಾಕಂಗ್ ಮಾಡ್ಕಂಡೆ, ಎದುರ್ಗೆ ಬಂದು ಕೂತ್ಕ."

ಮದುವೆ ಮನೆಯಲ್ಲಿ ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಾರಲ್ಲ, ಹಾಗೆ. ಅವಳ ಕಡೆಯ ಅರ್ಧ ಸುತ್ತು ಅವಳದು, ಆಚೆಯ ಅರ್ಧ ನನ್ನದು. "ಮೇಷ್ಟ್ರೇ ಮನೆ ಸೊಸೆ ಆಗೋದ್ರು ಕಣಮ್ಮ" ಎಂದು ಪಕ್ಕದ ಮನೆಯಾಕೆ ಬೀದಿಗೆಲ್ಲ ಸಾರಿದಳು. ಸಾರಲಿ ಬಿಡಿ. ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಒಂದು ಸೇರು ಬೀಸುತ್ತಿದ್ದೆವು. ನನ್ನ ಕೈ ಕೆಳಗಿನ ಅವಳ ಕೈ ಮೊದಮೊದಲು ಸುಮ್ಮನೆ ಸವಾರಿ ಮಾಡುತ್ತಿತ್ತು. ಎರಡು ತಿಂಗಳಾದ ಮೇಲೆ ಅದರಲ್ಲಿ ಸಣ್ಣದೊಂದು ಎಳೆತ ಕಂಡಿತು. ಯಾರಿಗೂ ಹೇಳಲಿಲ್ಲ, ಎಲ್ಲಿ ದೃಷ್ಟಿಯಾಗುತ್ತದೋ ಎಂದು.

ಒಂದು ಬೆಳಿಗ್ಗೆ ಬೇಕೆಂದೇ ನನ್ನ ಕೈ ಸಡಿಲ ಬಿಟ್ಟೆ. ಕಲ್ಲು ನಿಲ್ಲಲಿಲ್ಲ. ಭಾರದ ಕಲ್ಲು, ತಿರುಗಿದ ಓಟಕ್ಕೇ ಇನ್ನೂ ಸ್ವಲ್ಪ ತಿರುಗುತ್ತದೆ, ಆಸೆಪಡಬೇಡ ಎಂದುಕೊಂಡೆ. ಒಂದು ಸುತ್ತು ಆಯಿತು. ಎರಡು, ಮೂರು. ಅವಳ ತೋಳು ನನ್ನ ಮೊಣಕಾಲಿನವರೆಗೂ ಬಂದು ಹೋಗುತ್ತಿತ್ತು.

ಅಮ್ಮ ಎಡಗೈಯಲ್ಲಿ ರಾಗಿ ಹಾಕುತ್ತಾ, ತಲೆಯೆತ್ತದೆ ಹೇಳಿದಳು: "ಕೈ ತೆಗಿಯಪ್ಪ, ಅಡ್ಡ ಆಯ್ತದೆ."